ಐದು ಗಂಟೆ ಐವತ್ತೆರಡು ನಿಮಿಷ

'ಒಂಬತ್ತನೇ ಮೈಲಿ' ತಂಡದ ಹೊಸ ಹಾಡು ಹುಟ್ಟಿದ ಕಥೆಯನ್ನು ಭಾನುವಾರದ ಪುರವಣಿಗೆ ಬರೆದುಕೊಡಿ ಎಂದು ಸಂಪಾದಕರು ನನ್ನನ್ನು ಮೂರು ಸಲ ಕೇಳಿದರು. ಮೂರು ಸಲವೂ ಕೈಯಲ್ಲಿ ಬೇರೆ ಕೆಲಸವಿದೆ ಎಂದೆ. ನಾಲ್ಕನೆಯ ಸಲ ಅವರು ಕೇಳಲಿಲ್ಲ, ನಾನೇ ಬರೆದಿದ್ದೇನೆ. ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಗೊತ್ತಿರುವ ಸಂಗತಿಗಳು ಇವು. ತಂಡ ಇಪ್ಪತ್ತಾರು ವರ್ಷ ಒಂದು ತಂತಿಯನ್ನೂ ಮೀಟಿರಲಿಲ್ಲ. ಇದ್ದ ಮೂವರಲ್ಲಿ ಈಗ ಉಳಿದವರು ಇಬ್ಬರು, ಇಬ್ಬರಿಗೂ ಐವತ್ತು ತುಂಬಿದೆ. ಹಾಡಿನ ಅವಧಿ ನಾಲ್ಕು ನಿಮಿಷ ಒಂಬತ್ತು ಸೆಕೆಂಡ್. ಹನ್ನೊಂದು ವಾರಗಳಿಂದ ಎಫ್‌ಎಂನಲ್ಲಿ ದಿನಕ್ಕೆ ಹದಿನೆಂಟು ಸಲ ಬರುತ್ತಿದೆ. ಹಾಡು ಮುಗಿದು ಎಲ್ಲ ವಾದ್ಯಗಳೂ ನಿಂತ ಮೇಲೆ ಒಬ್ಬ ಹುಡುಗಿಯ ದನಿ ದೂರದಿಂದ ಮೂರು ಪದ ಕೂಗುತ್ತದೆ: "ಇನ್ನೊಂದು ಹೆಜ್ಜೆ ಹಿಂದೆ." ಹಾಡಿನ ಉಳಿದ ಸಾಲುಗಳು ಬಾಯಿಗೆ ಬಾರದವರೂ ಈ ಮೂರು ಪದವನ್ನು ಹೇಳುತ್ತಾರೆ. ಅದು ಯಾರ ದನಿ ಎಂದು ಕಳೆದ ಬುಧವಾರದವರೆಗೂ ಊರೆಲ್ಲ ಕೇಳುತ್ತಿತ್ತು.

ಅದು ನನ್ನದು. ಆಗ ನನಗೆ ಇಪ್ಪತ್ತನಾಲ್ಕು.

ನಮ್ಮ ಊರಿನ ಪೂರ್ವಕ್ಕಿರುವ ಗುಡ್ಡ, ಬಯಲಲ್ಲಿ ಎದ್ದ ಸದ್ದನ್ನು ಇಪ್ಪತ್ತಾರು ವರ್ಷ ಇಟ್ಟುಕೊಂಡು, ಅದೇ ತಾರೀಖು ಅದೇ ನಿಮಿಷಕ್ಕೆ ವಾಪಸು ಕೊಡುತ್ತದೆ. ಮನೆಯೊಳಗೆ ಕಿಟಕಿ ಮುಚ್ಚಿ ಆಡಿದ್ದು ಬರುವುದಿಲ್ಲ. ಪಿಸುಮಾತು ಬರುವುದಿಲ್ಲ. ಕೂಗಿದ್ದು, ಬಡಿದದ್ದು, ಒಡೆದದ್ದು, ಬಿದ್ದದ್ದು ಬರುತ್ತದೆ. ಆದ್ದರಿಂದ ನಮ್ಮಲ್ಲಿ ಸೊಪ್ಪಿನವಳು ಕೂಗುವುದಿಲ್ಲ, ಬುಟ್ಟಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬರುತ್ತಾಳೆ. ಶಾಲೆಯ ಆಟದ ಮೈದಾನದಲ್ಲಿ ಸೀಟಿಯ ಬದಲು ಕೆಂಪು ಬಾವುಟ. ಗಂಡ ಹೆಂಡತಿ ಬೀದಿಯಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. "ಒಳಗ್ ಬಾ, ಹೇಳ್ತೀನಿ" ಎನ್ನುವುದೇ ನಮ್ಮೂರಿನ ಅತಿ ದೊಡ್ಡ ಬೆದರಿಕೆ. ಫೆಬ್ರವರಿ ಇಪ್ಪತ್ತೊಂಬತ್ತು ಬಂದಾಗ ಮಾತ್ರ ಜನ ಬಯಲಿಗೆ ಬಂದು ನಾಲ್ಕು ವರ್ಷದ ಬೈಗುಳವನ್ನೆಲ್ಲ ಬೈದು ಮುಗಿಸುತ್ತಾರೆ. ಇಪ್ಪತ್ತಾರು ವರ್ಷದ ನಂತರ ಆ ತಾರೀಖು ಇರುವುದಿಲ್ಲ, ಸದ್ದಿಗೆ ಮರಳಲು ದಿನವಿಲ್ಲ.

ಪತ್ರಿಕೆಯ ಎರಡನೇ ಪುಟದಲ್ಲಿ ಬರುವ 'ಇಂದಿನ ಮರುದನಿ' ಅಂಕಣವನ್ನು ಹತ್ತೊಂಬತ್ತು ವರ್ಷಗಳಿಂದ ಬರೆಯುತ್ತಿರುವವಳು ನಾನು. ಹಳೆಯ ಸಂಪುಟ ತೆಗೆದು, ಅದೇ ತಾರೀಖಿನ ಸುದ್ದಿ ನೋಡಿ, ಯಾವ ಗಂಟೆಗೆ ಏನು ಕೇಳಿಸುತ್ತದೆ ಎಂದು ಮುಂಚಿತವಾಗಿ ತಿಳಿಸುವುದು ಕೆಲಸ. ಬೆಳಿಗ್ಗೆ 9.20, ಮಾರುಕಟ್ಟೆ ಬಳಿ ಲಾರಿ ಬ್ರೇಕ್, ಯಾರಿಗೂ ಪೆಟ್ಟಿಲ್ಲ. ಮಧ್ಯಾಹ್ನ 3.05, ಕುಂಬಾರ ಓಣಿಯಲ್ಲಿ ಹೆಂಗಸಿನ ಅಳು, ಮಕ್ಕಳಿದ್ದವರು ಕಿಟಕಿ ಮುಚ್ಚಿಕೊಳ್ಳಿ. ಜನ ಹವಾಮಾನ ವರದಿಯನ್ನು ನಂಬುವುದಿಲ್ಲ, ಇದನ್ನು ನಂಬುತ್ತಾರೆ. ಇದರಲ್ಲಿ ನಿಮಿಷ ತಪ್ಪಬಾರದು. ಹತ್ತೊಂಬತ್ತು ವರ್ಷದಲ್ಲಿ ನನ್ನದು ತಪ್ಪಿಲ್ಲ.

ಸತ್ತವರ ಮನೆಯವರಿಗೆ ಒಂದು ಅನುಕೂಲವಿದೆ. ತಮ್ಮವರ ಕೊನೆಯ ಸದ್ದು ಕೇಳಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ಪತ್ರಿಕೆಗೆ ಅರ್ಜಿ ಕೊಡಬಹುದು. ಆ ನಿಮಿಷಗಳಲ್ಲಿ ಊರಿನವರೆಲ್ಲ ಬಾಗಿಲಿಗೆ ಬಂದು ಸ್ಟೀಲ್ ತಟ್ಟೆ ಬಡಿಯುತ್ತಾರೆ. ಪರಿಚಯ ಇರಲಿ ಇಲ್ಲದಿರಲಿ, ಬಡಿಯುತ್ತಾರೆ. ನಾಳೆ ನಮ್ಮದೂ ಬರುತ್ತದಲ್ಲ ಎನ್ನುತ್ತಾರೆ.

ಇಂಥ ಊರಿನಲ್ಲಿ ಮೂವರು ಹುಡುಗರು ರಾಕ್ ತಂಡ ಕಟ್ಟಿದ್ದರು. ಎಲಿಯಾಸ್ ಗಿಟಾರ್ ಹಿಡಿದು ಹಾಡುತ್ತಿದ್ದ, ಖಾದರ್ ಡ್ರಮ್ಸ್, ಸುಧನ್ವ ಬೇಸ್ ಗಿಟಾರ್. ನಾಲ್ಕು ವರ್ಷ ಅವರು ಅಕ್ಕಿ ಗಿರಣಿಯ ಹಿಂದಿನ ಶೆಡ್ಡಿನಲ್ಲಿ, ಕಿಟಕಿಗಳಿಗೆ ಗೋಣಿಚೀಲ ತುರುಕಿ ಬಾರಿಸಿದರು. ಮುನ್ನೂರು ಜನ ಆ ಶೆಡ್ಡಿನಲ್ಲಿ ಬೆವರುತ್ತ ನಿಲ್ಲುತ್ತಿದ್ದರು. ಸುಧನ್ವ ಬೇರೆ ಊರಿಗೆ ಹೋಗುವುದು ನಿಶ್ಚಯವಾದಾಗ, ಒಂದು ಸಲ, ಒಂದೇ ಸಲ, ಬಯಲಲ್ಲಿ ಬಾರಿಸಬೇಕು ಎಂದು ಎಲಿಯಾಸ್ ಪುರಸಭೆಗೆ ಅರ್ಜಿ ಹಾಕಿದ. ಸಭೆಯಲ್ಲಿ ಒಬ್ಬ ಸದಸ್ಯರು, "ನಿಮ್ ಗಲಾಟೆನ ನಮ್ ಮೊಮ್ಮಕ್ಕಳು ಯಾಕ್ರಪ್ಪಾ ಕೇಳ್ಬೇಕು? ಅವು ಏನ್ ಪಾಪ ಮಾಡಿದ್ವು?" ಎಂದು ಕೇಳಿದ್ದನ್ನು ನಾನೇ ವರದಿ ಮಾಡಿದ್ದೆ. ಕೊನೆಗೆ ಅನುಮತಿ ಸಿಕ್ಕಿತು. ನವೆಂಬರ್ ಹತ್ತೊಂಬತ್ತು, ಭಾನುವಾರ, ಸಂಜೆ ನಾಲ್ಕೂವರೆಯಿಂದ ಆರು. ಜಾಗ, ಗುಡ್ಡದ ಬುಡದ ಹಳೆಯ ಕಲ್ಲು ಕ್ವಾರಿಯ ಪಕ್ಕದ ಚಪ್ಪಟೆ ಬಂಡೆ. ಬಂಡೆಯ ಹಿಂದೆ ನೀರು ತುಂಬಿದ ಕ್ವಾರಿ, ಆಳ ಅರವತ್ತು ಅಡಿ.

ಅಂದು 5.34ಕ್ಕೆ ಕೊನೆಯ ಹಾಡು ಶುರುವಾಯಿತು. ಎಲಿಯಾಸ್ ಮೈಕಿನಲ್ಲಿ, "ಇದಕ್ಕೆ ಮಾತಿಲ್ಲ. ಮಾತನ್ನ ಐವತ್ತು ವರ್ಷ ಆದಾಗ ಇದೇ ಬಂಡೆ ಮೇಲೆ ನಿಂತು ಹಾಡ್ತೀನಿ. ಅರ್ಧ ಹಾಡು ಈಗ, ಇನ್ನರ್ಧ ಗುಡ್ಡ ವಾಪಸ್ ಕೊಟ್ಟಾಗ," ಎಂದ. ಜನ ನಕ್ಕರು. ಯಾರೋ, "ಅಷ್ಟೊತ್ತಿಗೆ ನಿಂಗೆ ಹಲ್ಲಿರುತ್ತೇನೋ?" ಎಂದರು. 5.40ಕ್ಕೆ ಹಾಡು ಮುಗಿಯಿತು. ಚಪ್ಪಾಳೆಯಾಯಿತು. ಜನ ಇಳಿಯತೊಡಗಿದರು. ಖಾದರ್ ಡ್ರಮ್ ಕಟ್ಟುವ ಹಗ್ಗ ತರಲು ಕೆಳಗೆ ರಸ್ತೆಯಲ್ಲಿ ನಿಲ್ಲಿಸಿದ್ದ ವ್ಯಾನಿಗೆ ಹೋದ. ಎಲಿಯಾಸ್ ಬಂಡೆಯ ಆಚೆ ಬದಿಯಲ್ಲಿ ಕೆಳಗೆ ಕೂತು ವೈರ್ ಸುತ್ತುತ್ತಿದ್ದ, ಸ್ಪೀಕರಿನ ಸದ್ದಿಗೆ ಗುಂಯ್‌ಗುಡುತ್ತಿದ್ದ ಅವನ ಕಿವಿಗೆ ಬೇರೇನೂ ಕೇಳುತ್ತಿರಲಿಲ್ಲ.

ನನ್ನ ಕೈಯಲ್ಲಿ ಕಚೇರಿಯ ಕ್ಯಾಮೆರಾ ಇತ್ತು. ಕೇಳದೆ ತಂದಿದ್ದೆ. ವರದಿಯ ಜೊತೆ ನನ್ನದೇ ಫೋಟೋ ಬರಲಿ ಎಂಬ ಆಸೆ. ಸುಧನ್ವನನ್ನು ಬಂಡೆಯ ಮೇಲೆ ಗಿಟಾರ್ ಸಮೇತ ನಿಲ್ಲಿಸಿ, ನಾನು ಇಪ್ಪತ್ತು ಅಡಿ ದೂರ ಬಂದು ನೋಡಿದೆ. ಗುಡ್ಡದ ತುದಿ ಚೌಕಟ್ಟಿನಲ್ಲಿ ಕೂರಲಿಲ್ಲ. ಹಿಂದೆ ಸರಿಯಲು ಕೂಗಿ ಹೇಳಿದೆ. ಅವನು ಸರಿದ. ಮತ್ತೆ ಕೂಗಿದೆ. ಅವನು ನಗುತ್ತಲೇ ಸರಿದ. ಕ್ಯಾಮೆರಾದ ಕಿಂಡಿಯಲ್ಲಿ ನನಗೆ ಬರಿಯ ಗುಡ್ಡ ಕಾಣಿಸಿತು, ಅವನು ಇರಲಿಲ್ಲ. ಗಡಿಯಾರ ನೋಡಿಕೊಂಡೆ. ವರದಿಗಾರಳ ಅಭ್ಯಾಸ. 5.52.

ನಾನು ಓಡಿಹೋಗಿ ಹುಣಸೆ ಮರದ ಹಿಂದೆ ನಿಂತೆ. ನೀರಿನ ಸದ್ದು ಕೇಳಿ ವ್ಯಾನಿನ ಕಡೆಯಿಂದ ಖಾದರ್ ಓಡಿಬಂದು ಹಾರಿದ. ಜನ ತಿರುಗಿ ಓಡಿ ಬರುವಾಗ ಅವರೊಡನೆ ನಾನೂ ಬಂದೆ. ಎಲ್ಲರೂ ನೋಡಿದ್ದು ಕ್ವಾರಿಯ ಅಂಚಿನಲ್ಲಿ ಒದ್ದೆಯಾಗಿ, ಉಸಿರಿಲ್ಲದ ಸುಧನ್ವನ ಅಂಗಿ ಹಿಡಿದು ಕೂತಿದ್ದ ಖಾದರನನ್ನು. ತಂಡ ಬಿಡುವ ವಿಷಯಕ್ಕೆ ಅಂದು ಬೆಳಿಗ್ಗೆ ಅವರಿಬ್ಬರಿಗೂ ಜೋರು ಜಗಳವಾಗಿತ್ತು. ಅದೂ ಎಲ್ಲರಿಗೂ ಗೊತ್ತಿತ್ತು.

ಕಚೇರಿಗೆ ಹೋಗಿ ರೀಲು ಬಿಚ್ಚಿ ಬೆಳಕಿಗೆ ಹಿಡಿದು ಹಾಳುಮಾಡಿದೆ. ವರದಿ ಬರೆದೆ. "ಸಂಜೆ 5.40ಕ್ಕೆ, ಕೊನೆಯ ಹಾಡಿನ ಚಪ್ಪಾಳೆ ಇನ್ನೂ ನಿಂತಿರದಿದ್ದಾಗ, ತಂಡದ ಸದಸ್ಯರು ವೇದಿಕೆಯ ಮೇಲಿದ್ದಂತೆಯೇ, ಸುಧನ್ವ ಕಾಲು ಜಾರಿ ಬಿದ್ದರು." 5.40 ಎಂದು ಬರೆದದ್ದೇಕೆಂದರೆ, ಆ ನಿಮಿಷದಲ್ಲಿ ನಾನು ಮುಂದಿನ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದನ್ನು ಮುನ್ನೂರು ಜನ ನೋಡಿದ್ದರು. ಖಾದರ್ ಆ ನಿಮಿಷದಲ್ಲಿ ಸುಧನ್ವನಿಂದ ಎಷ್ಟು ದೂರದಲ್ಲಿದ್ದ ಎಂದು ನಾನು ಯೋಚಿಸಲಿಲ್ಲ. ಒಂದು ಮೊಳ ದೂರದಲ್ಲಿದ್ದ.

ಅಷ್ಟು ಸಾಕಾಯಿತು. ಬೆನ್ನು ತಿರುಗಿಸಿ ಮನೆ ಕಡೆ ಹೊರಟಿದ್ದವರಿಗೂ ಮರುದಿನ ಪತ್ರಿಕೆ ಓದಿದ ಮೇಲೆ ಹಾಗೆಯೇ ನಡೆಯಿತು ಎನಿಸಿತು. ಯಾರೂ ದೂರು ಕೊಡಲಿಲ್ಲ. ಆದರೆ 'ತಳ್ಳಿದ' ಎಂಬ ಪದ ಊರಿನಲ್ಲಿ ಇಳಿದುಕೊಂಡಿತು. "ನಾನ್ ವ್ಯಾನ್ ಹತ್ರ ಇದ್ದೆ," ಎಂದು ಖಾದರ್ ಹೇಳಿದರೆ, "ಪೇಪರ್‌ನಲ್ಲಿ ಟೈಮ್ ಹಾಕಿದಾರಲ್ಲಪ್ಪ," ಎಂದರು. ಎಲಿಯಾಸ್ ಹೌದೆಂದರೆ, ಗೆಳೆಯನಲ್ಲವೇ ಎಂದರು. ಆಮೇಲೆ ಅವನು ಪಂಕ್ಚರ್ ಅಂಗಡಿ ಇಟ್ಟ. ಟೈರ್ ಕೊಟ್ಟವರು ಅಂಗಡಿಯ ಬೆಂಚಿನ ಮೇಲೆ ಕೂರುವುದಿಲ್ಲ, ನಿಂತೇ ಇರುತ್ತಾರೆ. ನಾನೂ ನಿಲ್ಲುತ್ತಿದ್ದೆ. ಅಂದಿನಿಂದ ನಾನು ಬಯಲಲ್ಲಿ ದನಿ ಎತ್ತಿದವಳಲ್ಲ. ಊರು ನನ್ನನ್ನು 'ಮೆಲ್ಲಗೆ ಮಾತಾಡೋ ಮೇಡಂ' ಎಂದು ಕರೆಯುತ್ತದೆ, ಮೆಚ್ಚುಗೆಯಿಂದ.

ಕಳೆದ ವರ್ಷ ಜೂನ್ ತಿಂಗಳಿಂದ ನಾನು ದಿನ ಎಣಿಸತೊಡಗಿದೆ. ಸಂಪುಟದ ಆ ಪುಟವನ್ನು ನಾನು ತೆರೆದು ನೋಡಬೇಕಾಗಿರಲಿಲ್ಲ, ಆದರೂ ದಿನಕ್ಕೊಮ್ಮೆ ತೆರೆಯುತ್ತಿದ್ದೆ. ಅಕ್ಟೋಬರ್‌ನಲ್ಲಿ ಎಲಿಯಾಸ್ ಕಚೇರಿಗೆ ಬಂದ. ಈಗ ಅವನು ಮಿಕ್ಸಿ, ರೇಡಿಯೋ ರಿಪೇರಿ ಮಾಡುತ್ತಾನೆ, ಬೆರಳುಗಳಲ್ಲಿ ಯಾವಾಗಲೂ ಬೆಸುಗೆಯ ವಾಸನೆ.

"ವಾರಿಜಾ, ಹಲ್ಲಿದೆ ನೋಡ್ರಿ," ಎಂದು ಬಾಯಿ ತೆರೆದು ತೋರಿಸಿದ. "ಒಂದೇ ಹೋಗಿರೋದು. ನವೆಂಬರ್ ಹತ್ತೊಂಬತ್ತಕ್ಕೆ ಹಾಡ್ತೀನಿ. ಖಾದರ್ ಬಾರಿಸ್ತಾನೆ. ಸುಧನ್ವಂದು ಗುಡ್ಡದಿಂದ ಬರತ್ತೆ. ಪೂರ್ತಿ ರೆಕಾರ್ಡ್ ಮಾಡ್ತೀನಿ."

"ಖಾದರ್ ಒಪ್ಪಿದನಾ?"

"ಒಪ್ಪೋದೇನು, ಇಪ್ಪತ್ತಾರು ವರ್ಷದಿಂದ ಕ್ಯಾಲೆಂಡರ್ ಮೇಲೆ ಗೀಟು ಹಾಕ್ತಾ ಕೂತಿದಾನೆ. ಹಾಡಿಗಲ್ಲ ಕಣ್ರೀ. ಹಾಡಾದ್ಮೇಲೆ ಬರೋದಕ್ಕೆ."

ಮೂರು ದಿನದ ನಂತರ ಸುಧನ್ವನ ತಂಗಿ ಮಂದಾಕಿನಿಯ ಅರ್ಜಿ ಬಂತು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್. ಅಣ್ಣ ಹೋದಾಗ ಹದಿನೈದರ ಹುಡುಗಿ. ನಮೂನೆಯನ್ನು ಅಂದವಾಗಿ ತುಂಬಿದ್ದಳು. ದಿನಾಂಕ, ನವೆಂಬರ್ 19. ತಟ್ಟೆ ಬಡಿಯಬೇಕಾದ ಸಮಯ, ಸಂಜೆ 5.38ರಿಂದ 5.45. ಆಧಾರ, ತಮ್ಮ ಪತ್ರಿಕೆಯ ವರದಿ.

ಅರ್ಜಿಯ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದೆ. 5.45ಕ್ಕೆ ತಟ್ಟೆ ನಿಲ್ಲುತ್ತದೆ. ಊರು ಸುಮ್ಮನಾಗುತ್ತದೆ. ಏಳು ನಿಮಿಷದ ನಂತರ, ಆ ಮೌನದಲ್ಲಿ, ನಾನು ಕೂಗುತ್ತೇನೆ.

ಪ್ರೂಫಿನ ಮೇಲೆ 5.45ನ್ನು 5.55 ಮಾಡಿದೆ. ಒಂದು ಅಂಕಿ. ಆದರೆ ಅರ್ಜಿದಾರರ ಸಹಿ ಇಲ್ಲದೆ ಸಮಯ ತಿದ್ದುವಂತಿಲ್ಲ. ಆ ನಿಯಮ ಬರೆದವಳೂ ನಾನೇ. ಶಾಲೆಗೆ ಹೋದೆ. ಮಂದಾಕಿನಿ ಮೈದಾನದ ನಡುವೆ ಬಾವುಟ ಹಿಡಿದು ನಿಂತಿದ್ದಳು. ಅರವತ್ತು ಹುಡುಗಿಯರು ಸದ್ದಿಲ್ಲದೆ ಕೊಕ್ಕೊ ಆಡುತ್ತಿದ್ದರು.

"ಇನ್ನೊಂದ್ ಹತ್ತು ನಿಮಿಷ ಹೆಚ್ಚಿಗೆ ಹಾಕಿದ್ರೆ ಒಳ್ಳೇದು ಅನ್ಸತ್ತೆ ಮಂದಾ," ಎಂದೆ.

"ಯಾಕ್ ವಾರಿಜಕ್ಕ? ನೀವೇ ಅಲ್ವಾ ಐದೂ ನಲವತ್ತು ಅಂತ ಬರ್ದಿರೋದು?"

"ಹೌದು."

"ಮತ್ತೆ? ಊರೋರಿಗೆ ಸುಮ್ನೆ ಯಾಕ್ ತೊಂದ್ರೆ. ಏಳು ನಿಮಿಷ ಸಾಕು." ಅವಳು ನನ್ನ ಮುಖ ನೋಡಿದಳು. "ನಿಮ್ಗೇನಾದ್ರೂ ಅನುಮಾನ ಇದ್ಯಾ ಅಕ್ಕ, ಟೈಮ್ ಮೇಲೆ?"

"ಇಲ್ಲ," ಎಂದೆ. ಅದನ್ನೂ ಪಿಸುಗುಟ್ಟಿದೆ. ಕಚೇರಿಗೆ ವಾಪಸಾಗಿ 5.45 ಎಂದೇ ಉಳಿಸಿದೆ.

ಪ್ರಕಟಣೆ ಬಂದ ದಿನವೇ ಖಾದರ್ ಬಂದ. ಕೈಯೆಲ್ಲ ಗ್ರೀಸು, ಒಳಗೆ ಬರದೆ ಬಾಗಿಲಲ್ಲೇ ನಿಂತ. "ಮೇಡಂ, ಇದನ್ನ ತೆಗೀರಿ. ನಿಮ್ ಕಾಲ್ ಹಿಡ್ಕೋತೀನಿ."

"ಅದು ಮನೆಯವರ ಹಕ್ಕು ಖಾದರ್."

"ಅವ್ರ ಹಕ್ಕು ಸರಿ. ನಂದು? ನನ್ ಮಗಳು ಒಂದ್ ದಿನ ಸ್ಕೂಲಿಂದ ಬಂದು ಕೇಳಿದ್ಲು, ಅಬ್ಬಾ ನೀನ್ ತಳ್ಳಿದ್ದಾ ಅಂತ. ಗುಡ್ಡ ಹೇಳತ್ತೆ ಇರಮ್ಮ ಅಂದೆ. ಗುಡ್ಡ ಸುಳ್ ಹೇಳಲ್ಲ ಅಂದೆ. ಈಗ ಸರಿಯಾಗ್ ಅದೇ ಟೈಮ್‌ಗೆ ಊರೋರೆಲ್ಲ ತಟ್ಟೆ ಬಡುದ್ರೆ ಏನ್ ಕೇಳಿಸ್ತದೆ ಮೇಡಂ? ಅದೇ ತಟ್ಟೆ. ಇನ್ನಿಪ್ಪತ್ತಾರು ವರ್ಷ ಆದ್ಮೇಲೂ ಅದೇ ತಟ್ಟೆ."

ಅವನಿಗೆ ಸಮಾಧಾನ ಹೇಳಲು ಒಂದೇ ವಾಕ್ಯ ಸಾಕಿತ್ತು. ಹೆದರಬೇಡ, ಆ ಸಮಯ ಸುಳ್ಳು, ನಿನ್ನದು ತಟ್ಟೆಯ ಅಡಿಗೆ ಹೋಗುವುದಿಲ್ಲ. ನಾನು ಹೇಳಲಿಲ್ಲ. ಅವನು ಹೋದ ಮೇಲೆ ಬಾಗಿಲ ಚೌಕಟ್ಟಿನ ಮೇಲೆ ಗ್ರೀಸಿನ ಐದು ಬೆರಳು ಉಳಿದಿದ್ದವು. ಅವನಿಗಾಗಿ ನಾನು 5.45ನ್ನು ಬಿಟ್ಟೆ ಎಂದು ಯಾರಾದರೂ ತಿಳಿದರೆ ತಪ್ಪು. ಸಹಿ ಸಿಗಲಿಲ್ಲ, ಬಿಟ್ಟೆ. ಹುಡುಗಿಯ ದನಿ, ಐವತ್ತರ ಹೆಂಗಸನ್ನು ಯಾರು ಗುರುತಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ನವೆಂಬರ್ ಹತ್ತೊಂಬತ್ತು ಶುಕ್ರವಾರ ಬಂತು. ಬಂಡೆಯ ಹತ್ತಿರ ಸುಮಾರು ನಲವತ್ತು ಜನ ಸೇರಿದ್ದರು. ಕ್ವಾರಿಯ ಅಂಚಿಗೆ ಈಗ ತಂತಿ ಬೇಲಿ ಇದೆ. ಎಲಿಯಾಸ್ ಬೇಲಿಯುದ್ದಕ್ಕೂ ಎಂಟು ಮೈಕ್ ನಿಲ್ಲಿಸಿದ್ದ. ಖಾದರ್ ಒಗೆದ ಅಂಗಿ ಹಾಕಿಕೊಂಡು ಡ್ರಮ್ಸ್ ಹಿಂದೆ ಕೂತಿದ್ದ. ನಾನು ಕರ್ತವ್ಯದ ಮೇಲೆ ಹೋಗಿದ್ದೆ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ ಎಂಬ ಭಯ, ಹೋದರೆ ಮುಖ ಎಲ್ಲಿಡುವುದೆಂಬ ಭಯ. ಎರಡನೆಯದನ್ನು ಆರಿಸಿಕೊಂಡು ಹಿಂದೆ, ಅದೇ ಹುಣಸೆ ಮರಕ್ಕೆ ಒರಗಿ ನಿಂತೆ.

5.34ಕ್ಕೆ ಗುಡ್ಡದಿಂದ ಬೇಸ್ ಗಿಟಾರ್ ಇಳಿದುಬಂತು. ಸದ್ದು ಸ್ವಲ್ಪ ಮಂಕಾಗಿತ್ತು, ನೀರೊಳಗಿಂದ ಬಂದ ಹಾಗೆ. ಇಪ್ಪತ್ಮೂರು ವರ್ಷದ ಹುಡುಗನ ಬೆರಳು. ಖಾದರ್ ನಾಲ್ಕು ಏಟು ತಡವಾಗಿ ಸೇರಿಕೊಂಡ. ಅವನ ಹಳೆಯ ಏಟುಗಳು ಗುಡ್ಡದಿಂದ, ಹೊಸವು ಕೈಯಿಂದ. ಎಲಿಯಾಸ್ ಹಾಡಿದ. ಚೆನ್ನಾಗಿ ಹಾಡಿದನೇ ಎಂದು ಹೇಳಲಾರೆ, ನಾನು ಗಡಿಯಾರ ನೋಡುತ್ತಿದ್ದೆ. 5.38ಕ್ಕೆ ಊರಿನ ಕಡೆಯಿಂದ ತಟ್ಟೆಯ ಸದ್ದು ಎದ್ದಿತು. ಸಾವಿರಾರು ತಟ್ಟೆ. ಎಲಿಯಾಸ್ ಹಾಡುವುದನ್ನು ನಿಲ್ಲಿಸಿ ಅಸಹಾಯಕನಾಗಿ ನೋಡಿದ. ಖಾದರ್ ಮಾತ್ರ ನಿಲ್ಲಿಸಲಿಲ್ಲ. ತಲೆ ತಗ್ಗಿಸಿ, ಕಣ್ಣಲ್ಲಿ ನೀರು ಸುರಿಸುತ್ತ, ಆ ತಟ್ಟೆಗಳ ಜೊತೆಗೇ ಏಳು ನಿಮಿಷ ಬಾರಿಸಿದ. ಈಗ ಹಾಡಿನಲ್ಲಿ ಎಲ್ಲರೂ ಮೆಚ್ಚುವ ಭಾಗ ಅದೇ.

5.45ಕ್ಕೆ ತಟ್ಟೆಗಳು ನಿಂತವು. ಖಾದರ್ ಕಡ್ಡಿಗಳನ್ನು ಕೆಳಗಿಟ್ಟ. "ಮುಗೀತು," ಎಂದ. "ಹೋಯ್ತು ಬಿಡು ಎಲಿ."

ಎಲಿಯಾಸ್ ಅವನ ಪಕ್ಕ ಹೋಗಿ ಕೂತ. ಮೈಕ್ ಆರಿಸಲು ಯಾರಿಗೂ ನೆನಪಾಗಲಿಲ್ಲ. ಗುಡ್ಡದಿಂದ ಜನ ಚದುರುವ ಸದ್ದು, ಮಗುವೊಂದರ ಅಳು, ಸೈಕಲ್ ಬೆಲ್. ನಾನು ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. 5.51. ದೂರದಿಂದ, ರಸ್ತೆಯ ಕಡೆಯಿಂದ, ಎಳೆಯ ಖಾದರನ ಕೂಗು: "ಎಲೀ, ಹಗ್ಗ ಎಲ್ಲಿಟ್ಯೋ?"

ಬಂಡೆಯ ಮೇಲಿದ್ದ ಖಾದರ್ ತಲೆಯೆತ್ತಿದ.

"ಇನ್ನೊಂದು ಹೆಜ್ಜೆ ಹಿಂದೆ." ನನ್ನ ದನಿ. ಎಷ್ಟು ಗೆಲುವಾಗಿತ್ತು! ಹಾಗೆ ಗೆಲುವಾಗಿ ಕೂಗಬಲ್ಲವಳಾಗಿದ್ದೆ ಎಂಬುದೇ ನನಗೆ ಮರೆತಿತ್ತು. "ಇನ್ನೊಂದು ಹೆಜ್ಜೆ ಹಿಂದೆ."

ಕಲ್ಲು ಜಾರಿತು. ನೀರು. ಆಮೇಲೆ ದೂರದ ರಸ್ತೆಯಿಂದ ಹತ್ತಿರವಾಗುತ್ತ ಬಂದ ಓಟದ ಹೆಜ್ಜೆಗಳು, ಖಾದರನವು. ಎಷ್ಟು ದೂರದಿಂದ ಓಡಿಬರುತ್ತಿದ್ದಾನೆ ಎಂದು ಕಣ್ಣು ಮುಚ್ಚಿಕೊಂಡರೂ ತಿಳಿಯುವ ಹಾಗಿತ್ತು. ನಲವತ್ತು ಜನ ಕೇಳಿದರು.

ಖಾದರ್ ಏಳಲು ಹೋಗಿ ಮತ್ತೆ ಕೂತ. ಒಬ್ಬ ಮುದುಕ, ಪಂಕ್ಚರ್ ಅಂಗಡಿಯ ಎದುರು ಮನೆಯವನು, ಹೋಗಿ ಅವನ ಪಕ್ಕ ಬಂಡೆಯ ಮೇಲೆ ಕುಳಿತ. ಎಲಿಯಾಸ್ ಕೈಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡಿದ.

"ಐದೂ ಐವತ್ತೆರಡು ವಾರಿಜಾ. ನೀವು ನಲವತ್ತು ಅಂತ ಬರ್ದಿದ್ರಿ."

"ತಪ್ಪಾಗಿರಬಹುದು," ಎಂದೆ. ನನ್ನ ವೃತ್ತಿಯಲ್ಲಿ ಆ ಮಾತನ್ನು ಮೊದಲ ಸಲ ಆಡಿದ್ದೆ. ಮರುದಿನದ ಪತ್ರಿಕೆಯಲ್ಲಿ ಅದನ್ನು ಬರೆಯಲಿಲ್ಲ.

ಎಲಿಯಾಸ್ ಹಾಡನ್ನು ಕತ್ತರಿಸಿ ಜೋಡಿಸಿದ. ಬೇಸ್, ತನ್ನ ದನಿ, ತಟ್ಟೆ, ಖಾದರ್, ಮೌನ, ನಾನು. ನೀರಿನ ಸದ್ದಿಗೆ ಮೊದಲೇ ನಿಲ್ಲಿಸಿದ. ಆ ಕೂಗನ್ನು ಯಾಕೆ ಉಳಿಸಿಕೊಂಡಿರಿ ಎಂದು ಎಫ್‌ಎಂನವರು ಕೇಳಿದಾಗ, "ಅದಿಲ್ದೆ ಖಾದರ್‌ಗೆ ಹಾಡು ಪೂರ್ತಿ ಆಗಲ್ಲ," ಎಂದ. ಮೊದಲು ಫೋನುಗಳಲ್ಲಿ ಓಡಾಡಿತು, ಆಮೇಲೆ ಗಾಜು ಏರಿಸಿದ ಬಸ್ಸುಗಳಲ್ಲಿ, ಆಮೇಲೆ ನಾವು ಹೆಸರು ಕೇಳಿರದ ಊರುಗಳಲ್ಲಿ. ಅಲ್ಲಿಯವರಿಗೆ ಅದು ಒಂದು ಒಳ್ಳೆಯ ಸಾಲು, ಅಷ್ಟೆ. ಇಲ್ಲಿ ಊರು ಎರಡಾಯಿತು. ಖಾದರನ ಬೆಂಚಿನ ಮೇಲೆ ಜನ ಕೂರತೊಡಗಿದರು. ಕೂರದವರು, "ಆ ಹುಡುಗಿನೂ ಇವನ ಕಡೆಯೋಳೇ ಇರ್ಬೇಕು, ಯಾರಿಗ್ ಗೊತ್ತು," ಎಂದರು. ಹುಡುಗಿ ಸಿಗುವವರೆಗೆ ಖಾದರ್ ಅರ್ಧ ಮಾತ್ರ ಬಿಡುಗಡೆಯಾಗಿದ್ದ.

ನನಗೆ ಎಲ್ಲಿ ಹೋದರೂ ಅದೇ ಎದುರಾಯಿತು. ಹಿಟ್ಟಿನ ಗಿರಣಿಯಲ್ಲಿ, ಬ್ಯಾಂಕಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದಾಗ. ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮಕ್ಕಳು ಹೊಸ ಆಟ ಆಡುತ್ತಿದ್ದರು. ಒಂದು ಹುಡುಗಿ ಗೋಡೆಗೆ ಮುಖಮಾಡಿ ಮೆಲ್ಲಗೆ, "ಇನ್ನೊಂದು ಹೆಜ್ಜೆ ಹಿಂದೆ," ಎನ್ನುತ್ತಾಳೆ. ಉಳಿದವರು ಕಣ್ಣು ಮುಚ್ಚಿ ಹಿಂದೆ ಸರಿಯುತ್ತಾರೆ. ಚರಂಡಿಗೆ ಕಾಲಿಟ್ಟವನು ಔಟ್. ಬಿದ್ದವನು ನಗುತ್ತಿದ್ದ. ನಾನು ಮನೆಯೊಳಗೆ ಹೋಗಿ ಕಿಟಕಿ ಮುಚ್ಚಿಕೊಂಡೆ. ನನ್ನ ದನಿಯನ್ನು ಪರೀಕ್ಷಿಸಲೆಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಒಂದು ಸಲ ಹೇಳಿನೋಡಿದೆ. 'ಹೆಜ್ಜೆ'ಯ ಮೇಲೆ ದನಿ ಸ್ವಲ್ಪ ಏರುತ್ತದೆ, ಅದು ಬದಲಾಗಿಲ್ಲ. ಅಂದಿನಿಂದ ಮನೆಯಲ್ಲೂ ಮಾತು ಕಡಿಮೆ ಮಾಡಿದೆ.

ಮಂದಾಕಿನಿ ಹಾಡನ್ನು ಕೇಳಿದ್ದು ಶಾಲೆಯ ಬಸ್ಸಿನಲ್ಲಂತೆ. ಎಲಿಯಾಸನ ಅಂಗಡಿಗೆ ಹೋಗಿ, ಕತ್ತರಿಸದ ರೆಕಾರ್ಡನ್ನು ಪೂರ್ತಿ ಕೇಳಿ, ಖಾದರನ ಅಂಗಡಿಗೆ ಹೋಗಿ, ಅವನ ಬೆಂಚಿನ ಮೇಲೆ ಒಂದು ಗಂಟೆ ಕೂತು ಬಂದಳಂತೆ. ಆಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಊರಿನಲ್ಲಿ ನಲವತ್ತೈದು ದಾಟಿದ ಹೆಂಗಸರ ಮನೆಮನೆಗೆ ಹೋಗತೊಡಗಿದಳು. ಕೂತು, ನೀರು ಕುಡಿದು, "ಅಮ್ಮಾ, ಒಂದ್ ಮೂರ್ ಮಾತು ಹೇಳಿ," ಎನ್ನುತ್ತಿದ್ದಳು. ಕೆಲವರು ಬಾಗಿಲು ಹಾಕಿದರು. ಬಹಳ ಜನ ಹೇಳಿದರು.

ಕಳೆದ ಬುಧವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಅವಳು ಕಚೇರಿಗೆ ಬಂದಳು. ಎದುರಿನ ಕುರ್ಚಿಯಲ್ಲಿ ಕೂತು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ಒಳಗೆ ಹೆಸರು, ಬೀದಿ, ತಾರೀಖು, ಗಂಟೆ, ನಿಮಿಷ, ಮುಂದೆ 'ಅಲ್ಲ', 'ಅಲ್ಲ', 'ಅಲ್ಲ'.

"ಇನ್ನೂರ ಹನ್ನೆರಡು ಜನ ಆಯ್ತು ವಾರಿಜಕ್ಕ. ಪೇಪರ್‌ನಲ್ಲಿ ಒಂದು ಪ್ರಕಟಣೆ ಹಾಕಿ. ಆ ದನಿಯವ್ರು ಬರ್ಲಿ, ನಾನೇನೂ ಮಾಡಲ್ಲ ಅಂತ ಬರೀರಿ."

"ಏನೂ ಮಾಡಲ್ವಾ?"

"ಗೊತ್ತಿಲ್ಲ," ಎಂದಳು. "ಹಾಗ್ ಬರೀರಿ. ಬಂದ್ಮೇಲೆ ನೋಡೋಣ."

ನಾನು ಪೆನ್ನು ತೆಗೆದೆ. ಅವಳು ನನ್ನ ಕೈ ನೋಡುತ್ತಿದ್ದಳು. ತಾರೀಖು ಬರೆದೆ, ಮುಂದೆ ಬರೆಯಲಿಲ್ಲ.

"ಅವತ್ತು ನೀವೂ ಇದ್ರಲ್ಲ ಅಕ್ಕ," ಎಂದಳು, ತುಂಬ ಮೆಲ್ಲಗೆ. "ಎಲ್ರನ್ನೂ ಕೇಳ್ದೆ. ನಿಮ್ಮನ್ನ ಕೇಳೋಕೆ ನಾಚ್ಕೆ ಆಯ್ತು. ನೀವು ಜೋರಾಗಿ ಮಾತಾಡಿದ್ನ ನಾನು ಒಂದ್ ಸಲಾನೂ ಕೇಳಿಲ್ಲ."

ಹೊರಗೆ ಯಾರದೋ ಕಾರು ನಿಂತಿತ್ತು, ಏರಿಸಿದ ಗಾಜಿನೊಳಗಿಂದ ಅದೇ ಹಾಡಿನ ತಟ್ಟೆಗಳು ಸಣ್ಣಗೆ ಕೇಳುತ್ತಿದ್ದವು. ಇನ್ನು ಒಂದು ನಿಮಿಷದಲ್ಲಿ ಮೌನ ಬರುತ್ತದೆ, ಆಮೇಲೆ ಅದು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಮೊದಲು ನಾನೇ ಹೇಳಬೇಕು ಎಂಬ ಒಂದು ಆತುರ ಹುಟ್ಟಿತು. ಧೈರ್ಯ ಎನ್ನುವಂಥದ್ದೇನೂ ಅಲ್ಲ. ಎದ್ದು ಹೋಗಿ ಪೂರ್ವದ ಕಿಟಕಿಯ ಚಿಲಕ ತೆಗೆದೆ. ಇಪ್ಪತ್ತಾರು ವರ್ಷದಲ್ಲಿ ನಾನಿದ್ದಾಗ ಆ ಕಿಟಕಿಯನ್ನು ತೆಗೆದವರಿಲ್ಲ, ಬಲವಾಗಿ ತಳ್ಳಬೇಕಾಯಿತು. ಗುಡ್ಡ ಬಿಸಿಲಿನಲ್ಲಿತ್ತು. ಕಂಬಿ ಹಿಡಿದುಕೊಂಡು, ಅಂದು ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ ಆ ಮೂರು ಪದ ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಕೂಗಿದ ಮೇಲೆ, ಅದೇ ದನಿಯಲ್ಲಿ, ನನ್ನ ಹೆಸರು ಹೇಳಿದೆ. ಖಾದರ್ ವ್ಯಾನಿನ ಹತ್ತಿರ ಇದ್ದ ಎಂದು ಹೇಳಿದೆ.

ಹಿಂದೆ ಕುರ್ಚಿ ಸರಿಯುವ ಸದ್ದಿಗಾಗಿ ಕಾದೆ. ಬರಲಿಲ್ಲ. ತಿರುಗಿ ನೋಡಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಹಾಳೆ ಮಗುಚಿದ ಸದ್ದಾಯಿತು, ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

"ಗಂಟೆ ಎಷ್ಟು?" ಎಂದಳು ಮಂದಾಕಿನಿ. ಅಕ್ಕ ಎನ್ನಲಿಲ್ಲ.

ಗೋಡೆಯ ಗಡಿಯಾರ ನೋಡಿದೆ, ಕೈಗಡಿಯಾರದೊಡನೆ ಹೋಲಿಸಿ ನೋಡಿದೆ. ನಾಲ್ಕು ಗಂಟೆ ಹದಿನೇಳು ನಿಮಿಷ ಎಂದು ಹೇಳಿದೆ. ಅದು ಸರಿಯಾದ ಸಮಯ.